ಯಾರದೂ ಅಲ್ಲದ ಹೆಬ್ಬಾಗಿಲು

ಊರಿನ ಇತಿಹಾಸ ಹೇಳುತ್ತ ಪ್ರವಾಸಿಗರನ್ನು ನಡೆಸಿಕೊಂಡು ಹೋಗುವವರಿಗೆ ಗಟ್ಟಿ ಕಾಲು ಬೇಕು, ಗಟ್ಟಿ ಗಂಟಲು ಬೇಕು, ಎಲ್ಲಕ್ಕಿಂತ ಗಟ್ಟಿ ಧೈರ್ಯ ಬೇಕು. ಅತ್ತಿಗೆಯ ಬಳಿ ಇದ್ದದ್ದು ಎಂ.ಎ. ಪದವಿ ಮಾತ್ರ.

ಈ ನಡಿಗೆಗಳ ವ್ಯವಹಾರ ನಾದಿನಿಯದು. "ಜನ ನಿಮಗೆ 'ಇರಬಹುದಮ್ಮ' ಅಂತ ಹೆಸರಿಟ್ಟಿದ್ದಾರೆ ಅತ್ತಿಗೆ," ಎಂದಳು ಆ ಬೆಳಿಗ್ಗೆ. "ಕಟ್ಟಿಸಿರಬಹುದು, ಬಿದ್ದಿರಬಹುದು. ಅದನ್ನ ಕೇಳೋಕೆ ದುಡ್ಡು ಯಾಕೆ ಕೊಡ್ಬೇಕು? ಇವತ್ತೂ ದೂರು ಬಂದ್ರೆ ನಾಳೆಯಿಂದ ಆಫೀಸಲ್ಲಿ ಫೋನ್ ಹತ್ರ ಕೂತ್ಕೊಳ್ಳಿ."

ಫೋನ್! ಅದು ರಿಂಗಾದರೆ ಅತ್ತಿಗೆ ಮೊದಲು ಸೆರಗು ಸರಿಮಾಡಿಕೊಳ್ಳುತ್ತಿದ್ದಳು, ಆಮೇಲೆ ಗಂಟಲು. ಅಷ್ಟರಲ್ಲಿ ಅದು ನಿಂತಿರುತ್ತಿತ್ತು.

ನಾದಿನಿ ಕಪ್ಪು ಕನ್ನಡಕ ಹಾಕಿಕೊಂಡು ಅಪರಿಚಿತಳಂತೆ ಗುಂಪಿನ ಹಿಂದೆ ಬಂದಳು. ಮಾರುಕಟ್ಟೆ, ಹಳೆ ಸೇತುವೆ ಎರಡೂ ಕಡೆ ಅತ್ತಿಗೆಯ ಬಾಯಿಂದ ಒಂದೇ ಒಂದು 'ಇರಬಹುದು' ಜಾರಲಿಲ್ಲ. ಇತಿಹಾಸಕ್ಕಿಂತ ಹೆಚ್ಚಾಗಿ "ಗುಂಡಿ ಇದೆ, ಜೋಪಾನ", "ಬ್ಯಾಗು ಮುಂದಕ್ಕೆ ಹಾಕ್ಕೊಳ್ಳಿ" ಎಂಬ ಮಾತುಗಳೇ ಬಂದವು ಎನ್ನುವುದು ಬೇರೆ ವಿಷಯ.

ಆಮೇಲೆ ಹೆಬ್ಬಾಗಿಲು ಬಂತು. ಕೋಟೆಗೋಡೆ ಹೋಗಿ ಬಾಗಿಲೊಂದೇ ನಡುರಸ್ತೆಯಲ್ಲಿ ಉಳಿದಿತ್ತು. ಬಸ್ಸುಗಳು ಅದನ್ನು ಬಳಸಿಕೊಂಡು ಹೋಗುತ್ತಿದ್ದವು.

"ಇದನ್ನ ಕಟ್ಟಿಸಿದ್ದು ಈ ಊರಿನ ಮೊದಲ ದೊರೆ," ಎಂದಳು ಅತ್ತಿಗೆ. ಪರವಾಗಿಲ್ಲ, ಯಾರೋ ತಿಳಿದವರು ಮಾತಾಡಿದಂತೆ ಕೇಳಿಸಿತು.

"ಯಾವ ದೊರೆ ಮೇಡಂ?" ಬಾಗಿಲ ನೆರಳಲ್ಲಿ ಕೂತಿದ್ದ ಗಡಿಯಾರ ರಿಪೇರಿಯವನು ತಲೆಯೆತ್ತಿದ. "ಬಟ್ಟೆ ವ್ಯಾಪಾರಿ ಕಟ್ಟಿಸಿದ್ದು. ನಮ್ಮ ತಾತ ನೋಡಿದಾರೆ."

"ನಿಮ್ಮ ತಾತಂಗೆ ಎದುರಿಗಿದ್ದ ಬಸ್ಸೇ ಕಾಣ್ತಿರ್ಲಿಲ್ಲ!" ಎದುರಂಗಡಿಯ ಕ್ಷೌರಿಕ ಕತ್ತಿ ಹಿಡಿದೇ ಹೊರಬಂದ. "ದಂಡೆತ್ತಿ ಬಂದೋರು ಕಟ್ಟಿದ್ದು ಕಣಯ್ಯ ಇದು."

ಅರ್ಧ ಗಡ್ಡ ಹೋದ ಗಿರಾಕಿಯೂ ಹಿಂದೆಯೇ ಬಂದು, ಕಟ್ಟಿಸಿದವರು ತಮ್ಮ ವಂಶದವರೇ ಎಂದ. ದಾರಿಹೋಕರು ನಿಂತರು. ಬಸ್ಸೊಂದು ನಿಂತಿತು, ಚಾಲಕನಿಗೂ ಅಭಿಪ್ರಾಯವಿತ್ತು.

"ಕೊನೆಗೆ ಯಾರಮ್ಮ ಕಟ್ಟಿಸಿದ್ದು?" ಪ್ರವಾಸಿ ಅಜ್ಜಿಯೊಬ್ಬರು ಕೇಳಿದರು.

ಅತ್ತಿಗೆ ಕಪ್ಪು ಕನ್ನಡಕ ನೋಡಿದಳು. ಅದರೊಳಗೆ ಫೋನ್ ಕಂಡಿತು. ದೊರೆಯೇ ಎಂದು ಗದರಿಬಿಟ್ಟರೆ ಮುಗಿಯುತ್ತಿತ್ತು. ಆದರೆ ಫೋನಿಗೆ ಹೆದರುವುದಕ್ಕಿಂತ ತಪ್ಪು ಹೇಳುವುದಕ್ಕೆ ಹೆದರಿ ಆಕೆಗೆ ಹೆಚ್ಚು ಅಭ್ಯಾಸ.

"ಇವರು ಹೇಳಿದ್ದೂ ತಪ್ಪಿರಬಹುದು, ನಾನು ಹೇಳಿದ್ದೂ ತಪ್ಪಿರಬಹುದು. ಯಾರಿಗೂ ಗೊತ್ತಿಲ್ಲ," ಎಂದಳು. ಹೇಗೂ ಮುಳುಗಿಯಾಯಿತಲ್ಲ ಎಂದು ಮುಂದುವರಿಸಿದಳು. "ರಸ್ತೆ ಅಗಲ ಮಾಡುವಾಗ ಗೋಡೆ ಪೂರ್ತಿ ಒಡೆದರು. ಬಾಗಿಲು ಯಾರದು ಅಂತ ತೀರ್ಮಾನ ಆಗಲಿಲ್ಲ, ಯಾರನ್ನ ಕೇಳಿ ಒಡೀಬೇಕು ಅಂತ ತಿಳೀಲಿಲ್ಲ. ಹಾಗೇ ಬಿಟ್ಟರು. ಜಗಳ ಮುಗಿದಿದ್ರೆ ಇವತ್ತು ಇದು ಇರ್ತಾನೇ ಇರ್ಲಿಲ್ಲ."

ಎಲ್ಲರೂ ತಲೆಯೆತ್ತಿ ಬಾಗಿಲನ್ನೇ ನೋಡಿದರು.

"ಅದೆಲ್ಲ ಸರಿ ಮೇಡಂ," ಎಂದ ರಿಪೇರಿಯವನು, "ಆದ್ರೆ ಬಟ್ಟೆ ವ್ಯಾಪಾರೀನೇ."

ಅಜ್ಜಿ ಬಿದ್ದು ಬಿದ್ದು ನಕ್ಕು, ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು. ಗುಂಪೂ ಕೂತಿತು. ಉಳಿದ ಜಾಗಗಳು ಉಳಿದೇ ಹೋದವು.

ಕೊನೆಗೆ ನಾದಿನಿ ಕನ್ನಡಕ ತೆಗೆದಳು. "ಅಜ್ಜಿ ನಾಳೆ ತಂಗೀನೂ ಕರ್ಕೊಂಡು ಬರ್ತಾರಂತೆ. ನೀವೇ ಬೇಕಂತೆ. ಏನು ಮಾಡ್ಲಿ, ಫೋನಿಗೆ ಬೇರೆಯವರನ್ನ ಹುಡುಕ್ತೀನಿ."

ಬೇರೆ ಯಾರಾದರೂ ಆಗಿದ್ದರೆ ಹಿಗ್ಗುತ್ತಿದ್ದರು. ಅತ್ತಿಗೆ ಆಗಲೇ ನಾಳೆಯ ಚಿಂತೆಗೆ ಬಿದ್ದಳು. ಎರಡೂ ಕಡೆ ನೋಡಿ, ಇನ್ನೊಮ್ಮೆ ನೋಡಿ, ರಸ್ತೆ ದಾಟಿ ಕ್ಷೌರದಂಗಡಿಯ ಮುಂದೆ ನಿಂತಳು.

"ನಾಳೆ ಅಂಗಡಿ ತೆಗೀತೀರಾ?"

"ತೆಗೀತೀವಿ. ಯಾರಿಗಮ್ಮ ಕಟಿಂಗು?"

"ಕಟಿಂಗಿಗಲ್ಲ," ಎಂದಳು ಅತ್ತಿಗೆ ತಗ್ಗಿದ ದನಿಯಲ್ಲಿ, "ಜಗಳಕ್ಕೆ."