ಸಾರಾಳ ಮಗ್ಗುಲಿನ ಮಣ್ಣು

ಆ ದಿನ ಬೆಳಗ್ಗೆ ಬೀದರಿನ ನೌಬಾದದ ಮೇಲೆ ಮಂಜು ಇಳಿದಿತ್ತು. ಹತ್ತು ಹೆಜ್ಜೆ ಆಚೆಯ ಬೇವಿನ ಮರವೂ ಕಾಣುತ್ತಿರಲಿಲ್ಲ. ಅದರ ಎಲೆಗಳಿಂದ ತಗಡಿನ ಮೇಲೆ ಬೀಳುವ ಹನಿಗಳ ಸದ್ದು ಮಾತ್ರ ಕೇಳುತ್ತಿತ್ತು. ಜನವರಿಯ ಚಳಿ. ಕ್ಯಾಪ್ಟನ್ ಸುಂದರರಾಜ ಎಂದಿನಂತೆ ಐದಕ್ಕೆ ಎದ್ದು, ಹಾಸಿಗೆ ಮಡಿಸಿ, ಗಡ್ಡ ಹೆರೆದುಕೊಂಡು, ಮಂಚದ ಬಳಿ ಮೊಣಕಾಲೂರಿ ಪ್ರಾರ್ಥನೆಗೆ ಕೂತವರು ಮತ್ತೆ ಏಳಲಿಲ್ಲ. ಮಗಳು ಏಂಜೆಲ ಚಹಾ ಹಿಡಿದು ಬಂದಾಗ ಅವರ ಹಣೆ ಮಂಚದ ಅಂಚಿಗೆ ತಾಗಿತ್ತು. ಇವತ್ತು ಪ್ರಾರ್ಥನೆ ಉದ್ದವಾಯಿತು ಅಂದುಕೊಂಡು ಆಕೆ ಬಾಗಿಲಲ್ಲೇ ಕಾದಳು. ಚಹಾ ಆರಿ ಕೆನೆಗಟ್ಟಿತು.

ಭಾಲ್ಕಿ ತಾಲ್ಲೂಕಿನ ಮೆಹಕರದಿಂದ ಹತ್ತೊಂಬತ್ತನೇ ವಯಸ್ಸಿಗೆ ಸಿಪಾಯಿಯಾಗಿ ಹೋದವರು ಅವರು. ಸುಬೇದಾರರಾಗಿ, ಕೊನೆಗೆ ಗೌರವ ಕ್ಯಾಪ್ಟನ್ ಆಗಿ ಮನೆಗೆ ಬರುವಷ್ಟರಲ್ಲಿ ಮೂವತ್ತು ವರ್ಷ ಕಳೆದಿತ್ತು. ಆ ಮೂವತ್ತೂ ವರ್ಷ ಹೆಂಡತಿ ಸಾರಾ ಬೀದರಿನಲ್ಲಿ ನರ್ಸ್ ಕೆಲಸ ಮಾಡುತ್ತ ಒಬ್ಬಳೇ ಸಂಸಾರ ತೂಗಿಸಿದಳು. ಗಂಡ ಬಂದ ಎರಡನೇ ವರ್ಷ ಆಕೆಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಅಂದಿನಿಂದ ಒಂಬತ್ತು ವರ್ಷ ಆಕೆಯ ತಲೆ ಬಾಚಿ ಜಡೆ ಹಾಕಿದವರು ಕ್ಯಾಪ್ಟನ್ನರೇ.

"ಏನ್ರಿ ಇದು? ಜಡಿ ಅದನೋ, ತಂಬೂ ಕಟ್ಟೋ ಹಗ್ಗ ಅದನೋ? ಕಣ್ಣು ಮುಚ್ಚಲಾಕ ಬರವಲ್ದು" ಎಂದು ಸಾರಾ ಗೊಣಗುತ್ತಿದ್ದಳು.

"ಗಾಳಿ ಬಂದ್ರೂ ಬಿಚ್ಚಂಗಿಲ್ಲ, ಸುಮ್ನ ಕೂಡು" ಎನ್ನುತ್ತಿದ್ದರು ಅವರು. ಮತ್ತೆ ಬಿಚ್ಚಿ ಸಡಿಲವಾಗಿ ಹೆಣೆಯುತ್ತಿದ್ದರು.

ಸಾರಾ ತೀರಿಕೊಂಡದ್ದು ಕೊರೊನಾಕ್ಕೆ ಎರಡು ವರ್ಷ ಮುಂಚೆ. ತವರೂರು ಭಾಲ್ಕಿಯ ಚರ್ಚಿನ ಹಳೆಯ ಸ್ಮಶಾನದಲ್ಲಿ ಆಕೆಗೆ ಮಣ್ಣಾಯಿತು. ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಬರುವಾಗೆಲ್ಲ ಕ್ಯಾಪ್ಟನ್ ಮಗಳಿಗೆ ಒಂದೇ ಮಾತು ಹೇಳುತ್ತಿದ್ದರು: "ಮೂವತ್ತು ವರ್ಷ ಅಕಿನ್ನ ಬಿಟ್ಟಿದ್ದೆ. ಇನ್ನ ಬಿಡಂಗಿಲ್ಲ. ನನ್ನ ಅಕಿ ಮಗ್ಗಲಾಗೇ ಇಡವ್ವಾ." ಬೇರೆ ಏನನ್ನೂ ಅವರು ಮಗಳಿಂದ ಕೇಳಿದವರಲ್ಲ. ಕೊರೊನಾದ ಮೇಲೆ ಆ ಮಾತನ್ನೂ ಆಡುವುದು ಬಿಟ್ಟಿದ್ದರು. ಸಾರಾಳ ಪಕ್ಕದಲ್ಲಿ ಒಂದು ಜಾಗ ಖಾಲಿ ಇದ್ದದ್ದನ್ನು ಏಂಜೆಲ ನೋಡಿದ್ದಳು. ಅದೇ ಅಪ್ಪನದು ಎಂದು ನಂಬಿದ್ದಳು.

ಭಾಲ್ಕಿಯ ಚರ್ಚಿನ ಸೆಕ್ರೆಟರಿ ಸುಶೀಲಕುಮಾರರಿಗೆ ಫೋನು ಹಚ್ಚಿದಾಗ ಅವರು ಬಹಳ ಹೊತ್ತು ಸ್ಮಶಾನದ ಜಾಗಗಳ ಪುಸ್ತಕ ತಿರುವಿದರು.

"ತಂಗಿ, ಹ್ಯಾಂಗ ಹೇಳ್ಲಿ... ಆ ಖಾಲಿ ಜಾಗಾ ಕ್ಯಾಪ್ಟನ್ ಸಾಹೇಬ್ರದಲ್ಲ. ಔರಾದದ ಕರುಣಾ ಟೀಚರ್ ಹೆಸರಿಗಿ ಅದ. ಸಾಹೇಬ್ರ ಜಾಗಾದಾಗ ಟೀಚರ್ ಗಂಡ ಪ್ರೇಮದಾಸ ಮಾಸ್ತರ ಮಲಗ್ಯಾರ."

"ಅದ್ಹ್ಯಾಂಗ ಆಯ್ತಣ್ಣಾ?"

"ನನಗೂ ತಿಳಿವಲ್ದು. ಟೀಚರ್ ಬರ್ದು ಕೊಡ್ಲಾರ್ದೆ ನಾ ಅಲ್ಲಿ ಸಲಿಕಿ ಹಚ್ಚಂಗಿಲ್ಲವ್ವಾ. ಹಳೀ ಸ್ಮಶಾನ ತುಂಬೇದ. ಹಳ್ಳದ ಆಚಿ ಹೊಸ ಜಾಗಾದಾಗ ಬೇಕಾದ್ರ ಈಗೇ ತೋಡಸ್ತೇನಿ."

ಶವಪೆಟ್ಟಿಗೆ ಭಾಲ್ಕಿ ಮುಟ್ಟುವಾಗ ಹನ್ನೊಂದಾಗಿತ್ತು. ಮಂಜು ಇನ್ನೂ ಹರಿದಿರಲಿಲ್ಲ. ಪೆಟ್ಟಿಗೆಯನ್ನು ಚರ್ಚಿನೊಳಗೆ ಇರಿಸಿ, ಏಂಜೆಲ ಹೊರಗಿನ ಕಟ್ಟೆಯ ಮೇಲೆ ಕೂತಳು. ಔರಾದದ ಬಸ್ಸು ಇಳಿದು ಇಬ್ಬರು ಬಂದರು. ಒಬ್ಬರು ಎಕಂಬಾದ ಹಾವಗೆಪ್ಪ. ಕ್ಯಾಪ್ಟನ್ನರ ಪಲ್ಟನ್ನಿನಲ್ಲೇ ಹವಾಲ್ದಾರರಾಗಿದ್ದವರು, ತಲೆಯ ಮೇಲೆ ಹಳೆಯ ಟೋಪಿ. ಅವರ ತೋಳು ಹಿಡಿದು ಬಂದವರು ಕರುಣಾ ಟೀಚರ್. ಎಪ್ಪತ್ತು ದಾಟಿದ ಹೆಂಗಸು, ನಾಲ್ಕು ಹೆಜ್ಜೆಗೊಮ್ಮೆ ಉಸಿರಿಗಾಗಿ ನಿಲ್ಲುತ್ತಿದ್ದರು.

ಸುಶೀಲಕುಮಾರರ ಕೈಯಲ್ಲಿ ಪುಸ್ತಕ ಕಂಡು ಹಾವಗೆಪ್ಪ ಸಿಡುಕಿದರು. "ಸತ್ತವ್ರಿಗೂ ನಂಬರ್ ಏನ್ರಿ ಸೆಕ್ರೆಟರಿ? ರೇಶನ್ ಅಂಗಡಿ ಮಾಡೀರಲ್ಲ!"

"ನಂಬರ್ ಇಲ್ಲಂದ್ರ ನಿಮ್ಮಂಥವ್ರು ದಿನಾ ಬಡದಾಡ್ತೀರಿ ಹವಾಲ್ದಾರ್ರ. ಪುಸ್ತಕ ನನ್ನ ಮಾತು ಕೇಳಂಗಿಲ್ಲ."

"ಹಂಗಾದ್ರ ಪುಸ್ತಕದಾಗ ಇಲ್ಲದ್ದು ನಾ ಹೇಳ್ತೇನಿ. ಬಾಯಿ ಮುಚ್ಕೊಂಡಿರು ಅಂದಿದ್ರು ಕ್ಯಾಪ್ಟನ್ ಸಾಬ. ಇವತ್ತು ಅವ್ರೇ ಇಲ್ಲ."

ಆ ಸ್ಮಶಾನದಲ್ಲಿ ಜಾಗಗಳನ್ನು ಹಿಂದಿನ ಗೋಡೆಯಿಂದ ಎಣಿಸುವುದು ವಾಡಿಕೆ. ಮೊದಲು ಬಾಗಿಲು ಆ ಕಡೆಯೇ ಇತ್ತು. ರಸ್ತೆಯಾದ ಮೇಲೆ ಬಾಗಿಲು ಈ ಕಡೆಗೆ ಬಂತು, ಎಣಿಕೆ ಮಾತ್ರ ಹಳೆಯದೇ ಉಳಿಯಿತು. ಸಾಲಿನ ನಟ್ಟನಡುವೆ ಸಾರಾ. ಆಕೆಯ ಆಚೆ, ಗೋಡೆಯ ಕಡೆಗೆ, ಕ್ಯಾಪ್ಟನ್ನರ ಜಾಗ. ಈಚೆ, ಬಾಗಿಲ ಕಡೆಗೆ, ಪ್ರೇಮದಾಸ ಮಾಸ್ತರರದು. ಪರ ತಾಲ್ಲೂಕಿನವರಿಗೆ ಮನೆಗೊಂದೇ ಜಾಗ ಎಂಬ ಕಟ್ಟಳೆಯಿದ್ದದ್ದರಿಂದ ಮಾಸ್ತರರಿಗೆ ಸಿಕ್ಕದ್ದು ಅದೊಂದೇ. ಹೆಂಡತಿಗೆ ಬೇರೆ ಇರಲಿಲ್ಲ.

"ಕೊರೊನಾದಾಗ ಮಾಸ್ತರ ತೀರಿಕೊಂಡ್ರು" ಎಂದರು ಹಾವಗೆಪ್ಪ. "ಮಣ್ಣಿಗಿ ಬರೋರೇ ಇಲ್ಲ. ಸಾಬ, ನಾನು, ಜೆಸಿಬಿ ಸುಭಾನ, ಮೂರೇ ಮಂದಿ. ಸುಭಾನ ಪಾಪ ಹೊಸಬ, ಬಾಗಿಲದಿಂದ ಎಣಿಸಿದ. ಗುಂಡಿ ತೋಡಿ ಮುಗಿಸಿದ ಮ್ಯಾಲ ಸಾಬ ನೋಡಿದ್ರು. ತಮ್ಮದೇ ಜಾಗಾ. ಹೊರಗ ಇನ್ನೆರಡು ಹೆಣದ ಗಾಡಿ ಕಾಯ್ತಿದ್ವು. ಸುಭಾನ ತಪ್ಪಾಯ್ತಂತ ಕೈ ಮುಗದ. ಸಾಬ ಒಂದು ಗಳಗಿ ಸಾರಕ್ಕನ ಕಲ್ಲಿನ ಮ್ಯಾಲ ಕೈ ಇಟ್ಟು ನಿಂತ್ರು. ಆಮ್ಯಾಲ, 'ಮಾಸ್ತರನ್ನ ಬಿಸಲಾಗ ಕಾಯಸಬ್ಯಾಡ್ರಿ, ಇಳಸ್ರಿ' ಅಂದ್ರು."

"ಮುಂದ ಯಾಕ ಸರಿ ಮಾಡ್ಕೊಳ್ಳಿಲ್ರಿ ಕಾಕಾ?"

"ನಾನೂ ಅಂದೆ, ಈಚಿ ಜಾಗಾ ಕೇಳಿ ಬರಸ್ಕೊಳ್ರಿ ಅಂತ. 'ಗಂಡನ್ನ ಕಳ್ಕೊಂಡಾಕಿ ಹತ್ರ ಜಾಗಾ ಕೇಳ್ಲೇನೋ, ಮಬ್ಬ?' ಅಂತ ಬೈದ್ರು."

ಏಂಜೆಲ ಕರುಣಾ ಟೀಚರ್ ಕಡೆ ತಿರುಗಿದಳು. "ನಿಮಗ ಗೊತ್ತಿತ್ತೇನ್ರಿ, ಟೀಚರ್?"

ಅವರು ಸುಳ್ಳು ಹೇಳಲಿಲ್ಲ. "ಮಾಸ್ತರ ಹೋದಾಗ ನಾ ದವಾಖಾನ್ಯಾಗ ಬಿದ್ದಿದ್ದೆ. ವರ್ಷದ ಮ್ಯಾಲ, ಮಾಸ್ತರ ಖಾಲಿ ಜಾಗಾ ನನ್ನ ಹೆಸರಿಗಿ ಬಂದಾಗ ತಿಳೀತು. ನೌಬಾದಕ್ಕ ಬಂದು ನಿಮ್ಮ ಪಪ್ಪಾಗ ಹೇಳ್ದೆ. ಚಾ ಕೊಟ್ರು. 'ಅದು ನಿಮ್ಮ ಹೆಸರಿಗಿ ಅದ ಟೀಚರ್, ಇರ್ಲಿ' ಅಂದ್ರು. ನಾ ಬ್ಯಾಡ ಅನ್ಬೇಕಾಗಿತ್ತು. ಅನ್ಲಿಲ್ಲ."

"ಯಾಕ್ರಿ?"

"ಆಸಿ, ಮಗಳಾ. ನನಗೂ ಮಾಸ್ತರಗೂ ನಡುವ ಸಾರಕ್ಕ ಒಬ್ಬಾಕಿ. ಅಷ್ಟೇ ದೂರ. ಇದು ಬಿಟ್ರ ಹಳ್ಳದ ಆಚಿ ಹೋಗಬೇಕು. ಅಲ್ಲಿ ನನಗ ಯಾರ ಗುರ್ತ ಅದ?"

"ನಮ್ಮ ಪಪ್ಪಾಗೂ ಅಲ್ಲಿ ಯಾರ ಗುರ್ತಿಲ್ರಿ."

ಮಾತು ಬಾಯಿಂದ ಬಿದ್ದ ಮೇಲೆ ಏಂಜೆಲಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಕೇಳಬೇಕು ಎನಿಸಿತು, ಕಾಲಿಗೆ ಬಿದ್ದಾದರೂ ಕೇಳಬೇಕು. ಆದರೆ ಅಪ್ಪ ಐದು ವರ್ಷ ಬಾಯಿಬಿಟ್ಟು ಕೇಳದ್ದನ್ನು, ಅವರ ಹೆಣ ಮುಂದಿಟ್ಟುಕೊಂಡು ಕೇಳುವುದು ಹೇಗೆ?

"ಅಣ್ಣಾ" ಎಂದಳು ಸುಶೀಲಕುಮಾರರಿಗೆ, "ಹೊಸ ಜಾಗಾದಾಗೇ ತೋಡಸ್ರಿ."

ಹಾವಗೆಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಏಂಜೆಲ ಒಳಗೆ ಹೋಗಿ ಪೆಟ್ಟಿಗೆಯ ಬಳಿ ನೆಲದ ಮೇಲೆ ಕೂತಳು. ಪ್ರಾರ್ಥನೆ ಬರಲಿಲ್ಲ. 'ತಂದೆಯೇ' ಎಂದಳು, ಮುಂದಿನ ಮಾತು ಹೊಳೆಯಲಿಲ್ಲ. ತಾನು ಕರೆದದ್ದು ಪರಲೋಕದ ತಂದೆಯನ್ನೋ, ಪೆಟ್ಟಿಗೆಯೊಳಗೆ ಮಲಗಿದವರನ್ನೋ, ಆಕೆಗೇ ತಿಳಿಯಲಿಲ್ಲ. ಕಿಟಕಿಯ ಗಾಜಿನ ಮೇಲೆ ಮಂಜು ನೀರಾಗಿ ಇಳಿಯುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ ಹಿಂದೆ ಉಸಿರಿನ ಸದ್ದು ಕೇಳಿತು. ಕರುಣಾ ಟೀಚರ್ ಬೆಂಚುಗಳ ತುದಿ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಬರುತ್ತಿದ್ದರು. ಸೀರೆಯ ಅಂಚಿಗೆ ಕೆಂಪು ಮಣ್ಣು ಹತ್ತಿತ್ತು; ಗಂಡನ ಬಳಿ ಹೋಗಿ ಬಂದಿದ್ದರು. ಪೆಟ್ಟಿಗೆಯ ಮುಂದೆ ನಿಂತು ಕ್ಯಾಪ್ಟನ್ನರ ಮುಖ ನೋಡಿದರು. ಆಮೇಲೆ ಚರ್ಚು ಕೊಟ್ಟಿದ್ದ ಜಾಗದ ಚೀಟಿಯನ್ನು ಏಂಜೆಲಳ ಅಂಗೈಯಲ್ಲಿ ಇಟ್ಟರು. ಅದರ ಬೆನ್ನಿಗೆ ಶಾಲೆಯ ಮಕ್ಕಳಿಗೆ ಬರೆದು ತೋರಿಸುವ ಹಾಗೆ ದುಂಡಗೆ ಬರೆದ ಎರಡು ಸಾಲು, ಕೆಳಗೆ ಅವರ ರುಜು. ಶಾಯಿ ಇನ್ನೂ ಹಸಿಯಿತ್ತು.

ಏಂಜೆಲಳ ಬೆರಳುಗಳನ್ನು ಅದರ ಮೇಲೆ ಮಡಚಿ, ಬಂದ ಹಾಗೆಯೇ ಬೆಂಚುಗಳ ತುದಿ ಹಿಡಿದುಕೊಂಡು ಹೊರಗೆ ನಡೆದರು.