ರಂಗಪ್ಪನ ಪಾಲಿನ ಹಿಡಿಕಾಳು

ಆ ಬೆಳಗ್ಗೆ ಮಾಗಿಯ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಬಡಗಿ ಈರಾಚಾರಿ ತನ್ನ ಉಳಿಯನ್ನು ಕೈಯಾಡಿಸಿ ಹುಡುಕಿಕೊಂಡ. ಅಂಗಳದ ಬೇವಿನ ಮರದಿಂದ ಹನಿಗಳು ನನ್ನ ಮೇಲೆ ತೊಟ್ಟಿಕ್ಕುತ್ತಿದ್ದವು. ಅದು ನನ್ನ ಕೆತ್ತನೆಯ ಕೊನೆಯ ದಿನ. ಹೊನ್ನೆ ಮರದ ಕೊರಡಾಗಿದ್ದ ನನಗೆ ಹೊಟ್ಟೆ ಬಂದಿತ್ತು, ಬಾಯಿ ಬಂದಿತ್ತು. ಬಾಯಿಗೆ ಹಿತ್ತಾಳೆಯ ಪಟ್ಟಿ ಬಿಗಿದ ಮೇಲೆ ಈರಾಚಾರಿ ನನ್ನನ್ನು ಎರಡೂ ಕೈಯಲ್ಲೆತ್ತಿ ಹಣೆಗೆ ಮುಟ್ಟಿಸಿಕೊಂಡ.

"ಉಳ್ಳೋರ್ ಮನೆಗೋದ್ರೂ ಇಲ್ದೋರ್ ಮನೆಗೋದ್ರೂ ಒಂದೇ ಅಳತೆ ಯೋಳಪ್ಪ" ಅಂದ.

ನಾನು ಒಂದು ಬಳ್ಳ. ರಾಗಿ ಅಳೆಯುವ ಮರದ ಬಳ್ಳ. ನನಗೆ ಸಿಕ್ಕ ಉಪದೇಶ ಅದೊಂದೇ.

ಮೊದಲು ಸೇರಿದ್ದು ಜಾಲಿಗುಡ್ಡದ ಪಟೇಲರ ಮನೆ. ಪಟೇಲರು ಹಣೆಗೆ ನಾಮವಿಟ್ಟುಕೊಂಡೇ ನನ್ನ ತಳಕ್ಕೆ ಎರಡು ಬೆರಳಿನಷ್ಟು ಜೇನುಮೇಣ ಮೆತ್ತಿಸಿದರು. ಕೂಲಿಯವರಿಗೆ ಅಳೆಯುವಾಗ ಅಷ್ಟು ರಾಗಿ ಉಳಿಯುತ್ತದೆಂಬ ಲೆಕ್ಕ. ಹೊರಗೆ ನೋಡಿದರೆ ನಾನು ಬಳ್ಳವೇ, ಒಳಗೆ ಸುಳ್ಳು. ನಾನು ಸುಗ್ಗಿಯ ಕಣದಲ್ಲಿ ಮಟಮಟ ಬಿಸಿಲಿಗೆ ಮೈಯೊಡ್ಡಿ ಕುಳಿತೆ. ಮೇಣ ಕರಗಿತು. ತುಂಬಿ ಬೋರಲು ಹಾಕಿದಾಗ ರಾಗಿ ಮೆತ್ತಿದ ಮೇಣದ ಬಿಲ್ಲೆ ಎಲ್ಲರ ಮುಂದೆ ದೊಪ್ಪನೆ ಬಿತ್ತು. ಯಾರೂ ಕೂಗಾಡಲಿಲ್ಲ. ಒಬ್ಬ ಮುದುಕಿ ಮಾತ್ರ ಬಿಲ್ಲೆಯನ್ನೆತ್ತಿ, "ಪಟೇಲ್ರೆ, ನಿಮ್ ರೊಟ್ಟಿ ಬಿದ್ದೋಯ್ತು" ಅಂದಳು.

ಮರುದಿನವೇ ಪಟೇಲರು ನನ್ನನ್ನು ಊರ ದೇವರು ರಂಗಪ್ಪನ ಗುಡಿಗೆ ಕೊಟ್ಟುಬಿಟ್ಟರು. ಗುಡಿಯ ಕಾಳು ಅಳೆಯುವ ಮನೆತನದ ಕೈಗೆ ಬಂದೆ. ಆ ಮನೆಯ ಮೂಡ್ಲಪ್ಪ ಐವತ್ತು ವರ್ಷ ನನ್ನಲ್ಲಿ ಅಳೆದ. ಅಳೆಯುವ ಮುನ್ನ ನನ್ನ ಬಾಯಿಂದ ಒಂದು ಹಿಡಿ ತೆಗೆದು ಗುಡಿಯ ಮುಂದಿನ ಅರಳಿಕಟ್ಟೆಯ ಗೂಡಿನಲ್ಲಿದ್ದ ರಂಗಪ್ಪನ ಮುಂದೆ ಸುರಿಯುತ್ತಿದ್ದ. ಅದು ದೇವರ ಪಾಲು. ಒಮ್ಮೆ ಗೂಡು ಸೇರಿದ್ದನ್ನು ಯಾರೂ ಹಿಂದಕ್ಕೆ ತೆಗೆಯಕೂಡದು. ತೆಗೆದವರ ಕೈ ಸೇದಿಹೋಗುತ್ತದೆಂದು ಊರಿನ ನಂಬಿಕೆ. ಆಮೇಲೆ ಎಣಿಕೆ. ಒಂದು ಅನ್ನುವಂತಿಲ್ಲ. "ಲಾಭ... ಎರಡು... ಮೂರು..." ಆ ದನಿ ಕೇಳಿದರೆ ಗುಬ್ಬಿಗಳು ಕೂಡ ಸಾಲಾಗಿ ಕೂರುತ್ತಿದ್ದವು.

ಕಿಲೋ ಬಂತು. ತಕ್ಕಡಿ ಬಂತು. ಮೂಡ್ಲಪ್ಪ ನನ್ನನ್ನು ಅಟ್ಟದ ಮೇಲೆ ಬೋರಲು ಹಾಕಿದ. ಇಲಿಯೊಂದು ನನ್ನಡಿ ಮೂರು ಸಲ ಮರಿ ಹಾಕಿತು. ಜಪ ಮಾಡುವವರಿಗೆ ಕತ್ತಲೆ ಬೇಕಂತೆ. ನಾನೂ ಹಾಗೇ ಅಂದುಕೊಂಡು ಕುಳಿತೆ.

ನನ್ನನ್ನು ಇಳಿಸಿದವಳು ಪುಟ್ಟರಂಗಮ್ಮ, ಮೂಡ್ಲಪ್ಪನ ತಮ್ಮನ ಮಗಳು. ಎರಡು ಸಲ ಪಂಚಾಯ್ತಿ ಮೆಂಬರಾಗಿದ್ದವಳು. ಊರಿನ ಗೋಮಾಳವನ್ನು ಸರ್ಕಾರ ಜಲ್ಲಿ ಕ್ರಷರಿಗೆ ಕೊಟ್ಟ ಸುದ್ದಿ ಜಾಲಿಗುಡ್ಡಕ್ಕೆ ತಲುಪಿದ್ದು ಲಾರಿ ಬಂದ ಮೇಲೆ. ಅಂದೇ ಅವಳು ವಿಧಾನಸಭೆಗೆ ನಿಲ್ಲುತ್ತೇನೆಂದಳು. ಅರಳಿಕಟ್ಟೆಯ ಮೇಲೆ ನನ್ನನ್ನಿಟ್ಟುಕೊಂಡು ಕುಳಿತಳು.

"ಒಂದ್ ದಿನ ಓಟಾಕಿ ಐದು ವರ್ಸ ಬಾಯ್ ಮುಚ್ಕೊಂಡಿರ್ಬೇಕು ಅಂತ ಯಾವ ದೇವ್ರು ಯೋಳವ್ನೆ? ದೊಡ್ಡ ಕಾನೂನು ಬಂದಾಗ, ಗೋಮಾಳ ಕೊಡೋವಾಗ, ಊರೂರಲ್ಲೂ ಇಂಗೇ ಒಂದು ಬಳ್ಳ ಇಡ್ತೀನಿ. ಹೂಂ ಅನ್ನೋರು ಅವರೆಕಾಳು ಹಾಕಿ, ಊಹೂಂ ಅನ್ನೋರು ಹುರುಳಿ ಹಾಕಿ. ನೀವ್ ಯೋಳ್ದಂಗೆ ನಾನು ಅಲ್ಲಿ ಕೈ ಎತ್ತೋದು. ತಾಲೂಕಾಫೀಸಿನ ಫೈಲು ತಿಂಗಳಿಗೊಂದಿನ ಈ ಕಟ್ಟೆ ಮೇಲೆ ಓದುಸ್ತೀನಿ. ನಾನು ಮಾತ್ ತಪ್ಪುದ್ರೆ ಇದೇ ಬಳ್ಳ ಇಟ್ಟು ವಾಪಸ್ ಕರ್ಕಳಿ. ರಾಜೀನಾಮೆ ಬರ್ದು ರಂಗಪ್ಪನ ತಾವ ಇಟ್ಟೋಗ್ತೀನಿ."

ಟೀ ಅಂಗಡಿಯ ಲೋಕಣ್ಣ ನಕ್ಕ. "ಏನಕ್ಕ, ಅವರೆಕಾಳ್ ಸರ್ಕಾರವಾ? ಸಾರಿಗೆ ಸಾಲ್ದೇ ಬಂದ್ರೆ?"

"ಸಾಲ್ದಿದ್ರೆ ನಿನ್ ಟೀಗೆ ಹಾಕ್ತೀನಿ, ಅದ್ರಲ್ಲಿ ನೀರ್ ಬಿಟ್ಟು ಏನೂ ಇರಲ್ಲ."

ಮೂಡ್ಲಪ್ಪನಿಗೆ ಮಾತ್ರ ನಗು ಬರಲಿಲ್ಲ. "ನಮ್ ವಂಸದೋರು ಅಳೆದೋರು ಕಣವ್ವ. ಅಳೆಸ್ಕಳಾಕೆ ಹೋದೋರಲ್ಲ. ನಾನು ಹುರುಳಿನೇ ಹಾಕೋದು."

"ಹಾಕು ದೊಡ್ಡಯ್ಯ. ನಾನು ನಿಲ್ಬೇಕಾ ಬ್ಯಾಡ್ವಾ ಅನ್ನೋದ್ನೂ ಬಳ್ಳನೇ ಯೋಳ್ಲಿ. ಎಣಿಸೋನು ನೀನೇ."

ನಾಮಪತ್ರಕ್ಕೆ ಕೊನೆಯ ದಿನ ಬಂತು. ಮೂರು ಗಂಟೆಯೊಳಗೆ ತಾಲೂಕು ಕಚೇರಿಯಲ್ಲಿರಬೇಕು. ಹನ್ನೆರಡರ ಬಸ್ಸು ತಪ್ಪಿದರೆ ಬೇರೆ ದಾರಿಯಿಲ್ಲ. ಬೆಳಗಿನಿಂದ ಊರು ಸಾಲುಗಟ್ಟಿತು. ಮುಷ್ಟಿಯಲ್ಲಿ ಒಂದೊಂದೇ ಕಾಳು ಹಿಡಿದು ತಂದು, ಮೇಲೆ ಮುಚ್ಚಿದ ಟವೆಲ್ಲಿನೊಳಗೆ ಕೈಬಿಟ್ಟು ಹಾಕಿದರು. ಎಷ್ಟೋ ಸಾವಿರ ಬಳ್ಳ ರಾಗಿ ಹೊತ್ತಿದ್ದೇನೆ. ಆ ಮುನ್ನೂರು ಚಿಲ್ಲರೆ ಕಾಳಿನಂಥ ಭಾರ ನನಗೆ ಎಂದೂ ಗೊತ್ತಿರಲಿಲ್ಲ. ಒಂದೊಂದೂ ಬೆವರಿತ್ತು.

ಮೂಡ್ಲಪ್ಪ ಕಂಬಳಿಯ ಮೇಲೆ ಕೂತ. ಟವೆಲ್ಲು ತೆಗೆದ. ಕಣ್ಣು ಮುಚ್ಚಿ ನನ್ನನ್ನು ಮೂರು ಸಲ ಕುಲುಕಿದ. ಕುಲುಕಿದಾಗ ಸಣ್ಣ ಹುರುಳಿ ತಳಕ್ಕಿಳಿಯುತ್ತದೆ, ದಪ್ಪ ಅವರೆ ಮೇಲೆ ಬರುತ್ತದೆ. ಆಮೇಲೆ ಅವನ ಬಲಗೈ, ಐವತ್ತು ವರ್ಷದ ಅಭ್ಯಾಸದಂತೆ, ಮೇಲಿನ ಒಂದು ಹಿಡಿ ತೆಗೆದು ರಂಗಪ್ಪನ ಗೂಡಿನಲ್ಲಿ ಸುರಿಯಿತು. ಎಲ್ಲರೂ ನೋಡುತ್ತಿದ್ದರು. ಯಾರಿಗೂ ಏನೂ ಅನಿಸಲಿಲ್ಲ. ಹುಟ್ಟಿದಾಗಿನಿಂದ ನೋಡಿದ್ದೇ ಅದು! ಕೆಲವರು ಕೈ ಕೂಡ ಮುಗಿದರು.

"ಲಾಭ... ಎರಡು... ಮೂರು..."

ಅವರೆ ನೂರಾ ಮೂವತ್ತೊಂಬತ್ತು. ಹುರುಳಿ ನೂರಾ ಐವತ್ತೊಂದು.

ನನಗೆ ಗೊತ್ತಿತ್ತು. ಗೂಡಿನಲ್ಲಿ ಇಪ್ಪತ್ತೆರಡು ಅವರೆ, ಐದು ಹುರುಳಿ ಇದ್ದವು. ಅವನ್ನೂ ಸೇರಿಸಿದರೆ ಊರು ಹೂಂ ಅಂದಿತ್ತು. ಆದರೆ ನನ್ನ ಬಾಯಿ ತುಂಬುವುದಕ್ಕಿರುವ ಬಾಯಿ, ಹೇಳುವುದಕ್ಕಿರುವುದಲ್ಲ. ಪಟೇಲರ ಮೇಣವನ್ನು ಬಿಸಿಲಿಗೆ ಕರಗಿಸಿದ ನಾನು, ಭಕ್ತಿಯಿಂದಾದ ತಪ್ಪನ್ನು ಯಾವ ಬಿಸಿಲಿಗೆ ಹಿಡಿಯಲಿ?

ಪುಟ್ಟರಂಗಮ್ಮನ ಜೊತೆಯವರು ಗಲಾಟೆಗೆ ನಿಂತರು. "ಕಾಳಿನ್ ಮಾತು ಕಟ್ಕೊಂಡು ಕೂರ್ತೀಯಾ? ನಡಿಯಕ್ಕ ಬಸ್ಸಿಗೆ."

ಪುಟ್ಟರಂಗಮ್ಮ ತುಂಬಿದ್ದ ನಾಮಪತ್ರವನ್ನು ನಾಲ್ಕಾಗಿ ಮಡಿಸಿದಳು. "ಸರ್ಕಾರ ನಿಮ್ ಮಾತ್ ಕೇಳ್ಬೇಕು ಅಂತ ಯೋಳೋಳು ನಾನು. ನಾನೇ ಕೇಳ್ದಿದ್ರೆ ಯಾವ ಮಕ ಇಟ್ಕಂಡು ಯೋಳ್ಲಿ? ಊಹೂಂ ಅಂದ್ರೆ ಊಹೂಂ." ಕಣ್ಣಲ್ಲಿ ನೀರಿತ್ತು. ತಲೆ ಮಾತ್ರ ತಗ್ಗಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಪಟ್ಟಿ ಸಡಿಲವಾಗಿದೆ, ತಳ ಬಿರುಕು ಬಿಟ್ಟಿದೆ, ರಾಗಿ ತುಂಬಿದರೆ ಸೋರುತ್ತದೆ. ಕಟ್ಟೆಯ ಮೂಲೆಯಲ್ಲಿ ರಂಗಪ್ಪನ ಪಕ್ಕದಲ್ಲೇ ಕುಳಿತಿದ್ದೇನೆ. ಅವನೂ ಮಾತಾಡುವುದಿಲ್ಲ, ನಾನೂ ಆಡುವುದಿಲ್ಲ. ಯಾವ ವರ್ಷ ಯಾರು ಗೆದ್ದರು, ಯಾರ ಕಾರಿಗೆ ಕೆಂಪು ದೀಪ ಬಂತು, ಒಂದೂ ನನ್ನಲ್ಲಿ ನಿಲ್ಲಲಿಲ್ಲ. ಅಳೆಯುವವರನ್ನೂ ಅಳೆಯುವ ಒಂದು ಗಳಿಗೆ ಇರುತ್ತದೆ, ಅದೊಂದು ನಿಂತಿದೆ. ಅದನ್ನು ಹೇಳಿ ಮುಗಿಸುತ್ತೇನೆ.

ಅಂದು ಎಣಿಕೆ ಮುಗಿದು ಜನ ಚದುರುತ್ತಿದ್ದರು. ಮೂಡ್ಲಪ್ಪ ಕಂಬಳಿ ಕೊಡವಿ, ಎಂದಿನಂತೆ ಗೂಡಿಗೆ ಕೈಮುಗಿಯಲು ತಿರುಗಿದ. ತಿರುಗಿದವನು ಹಾಗೇ ನಿಂತ. ರಂಗಪ್ಪನ ಪಾದದಡಿ ಬೆಳ್ಳಗೆ ಅವರೆಕಾಳು. ಸುಮ್ಮನೆ ಹೋಗಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ, ಅವನಿಗೆ ಬೇಕಾದದ್ದೇ ಆಗಿತ್ತು. ಮೇಲಾಗಿ ಗೂಡಿನಿಂದ ತೆಗೆದ ಕೈ ಸೇದಿಹೋಗುತ್ತದೆಂದು ಅವನೇ ಮೂರು ತಲೆಮಾರಿನ ಮಕ್ಕಳಿಗೆ ಹೇಳಿಕೊಟ್ಟಿದ್ದ. ಅವನ ತುಟಿ ಅಲುಗಿತು, ಏನು ಕೇಳಿಕೊಂಡನೋ. ಕೈ ಒಳಗೆ ಹೋಯಿತು.

ಗೂಡಿನ ಧೂಳನ್ನೂ ಬಳಿದು, ಒಂದು ಹುರುಳಿಯನ್ನೂ ಬಿಡದೆ ತಂದು ಪುಟ್ಟರಂಗಮ್ಮನ ಮುಂದೆ ಕೂತ. ನನ್ನನ್ನು ಅವಳ ಮಡಿಲ ಹತ್ತಿರಕ್ಕೆ ಸರಿಸಿದ.

"ರಂಗಪ್ಪನಿಗೆ ಓಟಿಲ್ಲ ಕಣವ್ವ" ಅಂದ. "ಬಸ್ಸಿಗೆ ಇನ್ನೂ ಹೊತ್ತೈತೆ. ನೀನೇ ಎಣಿಸ್ಕೊ."

ಮುಷ್ಟಿ ಮೆಲ್ಲಗೆ ಬಿಚ್ಚಿ ಕಾಳನ್ನು ನನ್ನೊಳಗೆ ಬಿಟ್ಟ.