ಕಾಯಿನೀರಿನ ಹಳ್ಳ

ಮುದ್ದಯ್ಯ ಎತ್ತಿದ ಗುದ್ದಲಿಯನ್ನು ಹಾಗೇ ಕೆಳಗಿಳಿಸಿ ಟವೆಲಿನಿಂದ ಮೂಗು ಮುಚ್ಚಿಕೊಂಡ.

"ಅಕ್ಕಾ, ಗುಣಿ ತೆಗೆಯೋಕೆ ನಂಗೇನೂ ಇಲ್ಲ ಕಣವ್ವ. ಮಣ್ಣಿಗೆ ಬಂದ ಜನ ನಿಂತ್ಕಳದು ಬ್ಯಾಡ್ವಾ? ಹಳ್ಳ ಇವತ್ತು ಹೆಂಗ್ ನಾರ್ತಾ ಐತೆ ನೋಡು."

"ನಾರ್ಲಿ ಬುಡು. ನೀನು ಅಗಿ," ಎಂದಳು ಶಿವರುದ್ರಮ್ಮ.

ಬೆಳಗಿನ ಜಾವ ಎದೆನೋವೆಂದು ಎದ್ದು ಕೂತ ಅವಳ ಗಂಡ ಮಹಾಲಿಂಗಯ್ಯ ಕೂತಲ್ಲೇ ಹೋಗಿಬಿಟ್ಟಿದ್ದ. ನಿಟ್ಟೂರಿನ ಮನೆಯ ಜಗುಲಿಯಲ್ಲಿ ಅವನನ್ನು ಕೂರಿಸಿ, ಹಣೆಗೆ ವಿಭೂತಿ ಬಳಿದು, ಭಜನೆ ಶುರುಮಾಡಿದ್ದರು. ಹೆಣದ ಪಕ್ಕ ಅಳುತ್ತ ಕೂರಬೇಕಾದವಳು ಮೈದುನ ಚನ್ನೇಶನ ಸ್ಕೂಟರ್ ಹತ್ತಿ ಹೊಲಕ್ಕೆ ಬಂದು, ಗುಣಿಯ ಜಾಗ ತೋರಿಸುತ್ತ ನಿಂತಿದ್ದಳು. ಚನ್ನೇಶನಿಗೆ ಇದು ಸರಿ ಕಾಣಲಿಲ್ಲ.

"ಅತ್ತಿಗೆ, ಊರ ರುದ್ರಭೂಮೀಲಿ ಅಪ್ಪ ಅಮ್ಮನ ಪಕ್ಕ ಜಾಗ ಐತೆ. ಈ ಕೊಚ್ಚೆ ಪಕ್ಕ ಯಾಕೆ?"

"ನಿಮ್ಮಣ್ಣ ಇಲ್ಲೇ ಇರ್ಬೇಕು. ಸಂಗಮೇಶ್‌ಗೂ ಫೋನ್ ಮಾಡಿದೀನಿ. ಬಂದು ಒಂದು ಹಿಡಿ ಮಣ್ಣು ಹಾಕಿ ಅಂತ ಕರ್ದಿದೀನಿ."

ಚನ್ನೇಶ್ ಬೆಚ್ಚಿಬಿದ್ದ. ನಾಲ್ಕು ವರ್ಷದಿಂದ ಆ ಹೆಸರನ್ನು ಅವರ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. "ಬರ್ತಾನಂತಾ?"

"ಬರ್ದೆ ಏನ್ಮಾಡ್ತಾನೆ? ಮಠದ ಕಮಿಟಿ ಪ್ರೆಸಿಡೆಂಟು. ಸತ್ತೋರ ಮೇಲೆ ಹಗೆ ಇಟ್ಕೊಳಲ್ಲ ಅಂತ ಊರಿಗೆ ತೋರಿಸ್ಬೇಕಲ್ಲ. ಜಾಗ ಎಲ್ಲಿ ಅಂತ ಮಾತ್ರ ಹೇಳಿಲ್ಲ. ನೀನೂ ಹೇಳ್ಬೇಡ."

ಹೊಲದ ಬದುವಿಗೆ ತಾಗಿಕೊಂಡೇ ಸಂಗಮೇಶನ ಕಾಯಿಪುಡಿ ಫ್ಯಾಕ್ಟರಿಯ ಗೋಡೆ. ಗೋಡೆಯ ಬುಡದಲ್ಲೊಂದು ಪೈಪು. ಅದರ ಬಾಯಿಂದ ಬೆಳ್ಳಗಿನ ನೀರು ದಬದಬ ಬಿದ್ದು, ನೊರೆ ಹೊತ್ತು, ಹುಳಿ ಬಂದು ಕೆಟ್ಟ ಹಿಟ್ಟಿನ ನಾತ ಬೀರುತ್ತ ಹಳ್ಳಕ್ಕಿಳಿಯುತ್ತಿತ್ತು. ಶಿವರುದ್ರಮ್ಮ ಬಗ್ಗಿ ನೋಡಿದಳು. ಗಂಡ ಸತ್ತ ದಿನ ಹೆಂಗಸಿಗೆ ಸಂತೋಷವಾಗಬಾರದು. ಶಿವರುದ್ರಮ್ಮನಿಗೆ ಆಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ಗಂಡನ ಕಚೇರಿಯ ಕಿರಿಯ ಅಧಿಕಾರಿ ನಂದಿತಾಗೆ ಫೋನ್ ಮಾಡಿದಳು.

"ಮಗಾ, ಮಣ್ಣಿಗೆ ಬರುವಾಗ ಸೀಸೆ ಪೆಟ್ಟಿಗೆ ತಗೊಂಡೇ ಬಾ. ಹಳ್ಳ ನೊರೆ ಕಟ್ಟೈತೆ."

"ತರ್ತೀನಮ್ಮ," ಎಂದಳು ನಂದಿತಾ.

*

ಮದುವೆಯ ಹೊಸದರಲ್ಲಿ ಮಹಾಲಿಂಗಯ್ಯ ಹೆಂಡತಿಗೆ ತುಮಕೂರು ತೋರಿಸುತ್ತೇನೆಂದು ಕರೆದುಕೊಂಡು ಹೋದದ್ದು ಸಿನಿಮಾಕ್ಕಲ್ಲ, ತನ್ನ ಲ್ಯಾಬಿಗೆ. ಪರಿಸರ ಕಚೇರಿಯಲ್ಲಿ ನೀರು ಪರೀಕ್ಷೆ ಮಾಡುವ ಕೆಲಸ ಅವನದು. ಅವಳನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಕಿತ್ತಳೆ ಬಣ್ಣದ ದ್ರವವಿದ್ದ ಎರಡು ಗಾಜಿನ ಕೊಳವೆ ತಂದ. ಒಂದಕ್ಕೆ ನಲ್ಲಿ ನೀರು ಬಿಟ್ಟ, ಇನ್ನೊಂದಕ್ಕೆ ಚರಂಡಿ ನೀರು. ಎರಡನ್ನೂ ಕಾಯಲು ಇಟ್ಟು, ಎದುರಿನ ಅಂಗಡಿಯಿಂದ ಬಜ್ಜಿ ಕಟ್ಟಿಸಿಕೊಂಡು ಬಂದ. ಎರಡು ಗಂಟೆಯ ಮೇಲೆ ನಲ್ಲಿ ನೀರಿನದು ಕಿತ್ತಳೆಯಾಗಿಯೇ ಇತ್ತು. ಚರಂಡಿಯದು ಪಾಚಿ ಹಸಿರಾಗಿತ್ತು.

"ಇದಕ್ಕೆ ಸಿಓಡಿ ಅಂತಾರೆ ಕಣೇ. ನೀರಲ್ಲಿರೋ ಕೊಳೇನೆಲ್ಲ ಸುಡೋಕೆ ಎಷ್ಟು ಆಕ್ಸಿಜನ್ ಬೇಕು ಅನ್ನೋ ಲೆಕ್ಕ. ಕೊಳೆ ಜಾಸ್ತಿ ಆದಷ್ಟೂ ಹಸಿರು. ಹಳ್ಳದಲ್ಲಾದ್ರೆ ಈ ಕೊಳೆ ಆ ಆಕ್ಸಿಜನ್ನ ಮೀನಿನ ಬಾಯಿಂದ ಕಿತ್ಕೊಳ್ಳುತ್ತೆ."

"ಆಮೇಲೆ ಮೀನು?"

"ಸಾಯ್ತವೆ," ಎಂದು ಅವಳ ಪಾಲಿನ ಬಜ್ಜಿಗೂ ಕೈ ಹಾಕಿದ್ದ.

ಮಹಾಲಿಂಗಯ್ಯ ದೊಡ್ಡ ಮನುಷ್ಯನೇನಲ್ಲ. ಸಂತೆಯಲ್ಲಿ ಚೌಕಾಸಿ ಮಾಡಲು ನಾಚುತ್ತಿದ್ದ. ಚಿಲ್ಲರೆ ಇಲ್ಲವೆಂದು ಕಂಡಕ್ಟರ್ ಬೈದರೆ ತಾನೇ ಸಾರಿ ಕೇಳುತ್ತಿದ್ದ. ಅವನ ಅಂಗಿಗಳಿಗೆಲ್ಲ ಆಸಿಡ್ಡಿನ ತೂತು, ಹೊಲಿದು ಹೊಲಿದು ಅವಳಿಗೆ ಸಾಕಾಗಿತ್ತು. ಸೀಸೆಯ ವಿಷಯಕ್ಕೆ ಬಂದರೆ ಮಾತ್ರ ಉಡದ ಹಿಡಿತ. ಹೊಲದ ಪಕ್ಕವೇ ಸಂಗಮೇಶ್ ಫ್ಯಾಕ್ಟರಿ ಕಟ್ಟಿ ಹಳ್ಳ ನಾರತೊಡಗಿದಾಗ ಹೋಗಿ ಕೇಳಿದ.

"ಕಾಯಿನೀರು ಕಣಯ್ಯ! ದೇವರ ನೆತ್ತಿ ಮೇಲೆ ಸುರಿಯೋ ನೀರು. ಇದ್ರಲ್ಲೇನು ವಿಷ ಹುಡುಕ್ತೀಯ?" ಎಂದು ಸಂಗಮೇಶ್ ನಕ್ಕ.

"ವಿಷ ಇಲ್ಲ ಸಾರ್. ಸಕ್ಕರೆ ಐತೆ, ಎಣ್ಣೆ ಐತೆ. ಟ್ಯಾಂಕ್‌ಗಟ್ಲೆ ಹಳ್ಳಕ್ಕೆ ಬಿಟ್ರೆ ಅದೇ ಕೊಳೆಯುತ್ತೆ."

ಸಿಓಡಿ ಲೀಟರಿಗೆ ಇನ್ನೂರೈವತ್ತು ಮಿಲಿಗ್ರಾಂ ಮೀರಬಾರದು. ಮಹಾಲಿಂಗಯ್ಯ ತುಂಬಿ ತಂದ ಸೀಸೆ ನಾಲ್ಕು ಸಾವಿರ ದಾಟಿತು. ಆದರೆ ಕೋರ್ಟಿನಲ್ಲಿ ಆ ಸೀಸೆ ನಿಲ್ಲಲಿಲ್ಲ. ಮಾಲೀಕನಿಗೆ ನೋಟಿಸ್ ಕೊಟ್ಟು, ಅವನ ಎದುರಿಗೇ ತುಂಬಿ, ಎರಡು ಪಾಲು ಮಾಡಿ ಸೀಲು ಹಾಕಿರಬೇಕಿತ್ತು. ನೋಟಿಸ್ ಹಿಡಿದು ಹೋದಾಗಲೆಲ್ಲ ಸಂಗಮೇಶ್ ಊರಲ್ಲಿಲ್ಲ ಎನ್ನುತ್ತಿದ್ದರು. ಆ ಸೀಸೆ ತನ್ನ ಪೈಪಿನದಲ್ಲ, ಮಹಾಲಿಂಗಯ್ಯ ಮನೆಯ ಪಾಯಿಖಾನೆ ಗುಂಡಿಯಿಂದ ತುಂಬಿಕೊಂಡು ಬಂದದ್ದು ಎಂದು ಅವನು ಪ್ರಮಾಣ ಮಾಡಿದ.

ಅದಾದ ವಾರಕ್ಕೇ ಮಠದಲ್ಲಿ ದಾಸೋಹ. ಎಲೆ ಹಾಕಿತ್ತು, ಅನ್ನ ಬಡಿಸಿತ್ತು. ಸಾರಿನ ಬಕೆಟ್ ಹಿಡಿದು ಸೇವೆಗೆ ನಿಂತಿದ್ದ ಸಂಗಮೇಶ್ ಮಹಾಲಿಂಗಯ್ಯನ ಎಲೆಯ ಮುಂದೆ ಸೌಟು ತಡೆದ.

"ಮಾಲಿಂಗಯ್ಯ, ಕೈ ತೊಳ್ಕೊಂಡು ಕೂತಿದೀಯ ತಾನೇ? ಗುಂಡಿಗದ್ದಿದ ಕೈ ಕಣಪ್ಪ."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮಹಾಲಿಂಗಯ್ಯ ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡ. ಎದ್ದು ನಲ್ಲಿಯ ಹತ್ತಿರ ಹೋಗಿ ತೊಳೆದೇ ತೊಳೆದ. ಎಲೆಗೆ ಮರಳಲಿಲ್ಲ. ಎದುರು ಸಾಲಿನಲ್ಲಿ ಕೂತಿದ್ದ ಶಿವರುದ್ರಮ್ಮನ ಕೈಯಲ್ಲಿ ತುತ್ತು ಹಾಗೇ ಉಳಿಯಿತು.

ಅಂದಿನಿಂದ ಅವನು ಮನೆಯಲ್ಲೂ ಮೂರು ಮೂರು ಸಲ ಕೈ ತೊಳೆಯದೆ ಉಣ್ಣಲಿಲ್ಲ. "ಮರ್ತುಬುಟ್ಟೆ ಕಣೇ," ಎನ್ನುತ್ತಿದ್ದ, ಕೈ ತೊಳೆಯುತ್ತಲೇ. ದಿನಾ ಊಟದ ಹೊತ್ತಿಗೆ ಬಚ್ಚಲಿನಲ್ಲಿ ಆ ನೀರಿನ ಸದ್ದನ್ನು ಶಿವರುದ್ರಮ್ಮ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದಳು. ಅವಳು ಇನ್ನೊಂದನ್ನೂ ಕಂಡುಕೊಂಡಿದ್ದಳು. ಗಂಡ ಕೆಲಸಕ್ಕೆ ಹೊರಟ ದಿನ ಪೈಪು ಒಣಗಿರುತ್ತಿತ್ತು. ಅವನಿಗೆ ಜ್ವರ ಬಂದು ಮಲಗಿದರೆ ಹಳ್ಳ ನೊರೆ ಕಟ್ಟುತ್ತಿತ್ತು. ಜ್ವರಕ್ಕೇ ನೀರು ಬಿಟ್ಟವನು ಸಾವಿಗೆ ಬಿಡದೆ ಇರುತ್ತಾನೆಯೇ?

*

ಅವಳ ಎಣಿಕೆ ತಪ್ಪಲಿಲ್ಲ. ಆಫೀಸರುಗಳೆಲ್ಲ ಮಣ್ಣಿಗೆ ಹೋಗಿರುತ್ತಾರೆ, ಟ್ಯಾಂಕು ಖಾಲಿ ಮಾಡು ಎಂದು ಬೆಳಿಗ್ಗೆ ಮ್ಯಾನೇಜರಿಗೆ ಹೇಳಿಯೇ ಸಂಗಮೇಶ್ ಇಸ್ತ್ರಿ ಪಂಚೆ ಉಟ್ಟು ಹೊರಟಿದ್ದ. ಮೆರವಣಿಗೆ ರುದ್ರಭೂಮಿಯ ದಾರಿ ಬಿಟ್ಟು ಹೊಲದ ಕಡೆ ತಿರುಗಿದಾಗ ಅವನ ಕಾಲು ನಿಧಾನವಾಯಿತು. ಮುಂದೆ ಹೆಣ, ಹಿಂದೆ ಊರು. ಕಾರು ದೂರದ ರಸ್ತೆಯಲ್ಲಿತ್ತು. ಮ್ಯಾನೇಜರಿಗೆ ಫೋನ್ ಮಾಡೋಣವೆಂದರೆ ಪಕ್ಕದಲ್ಲೇ ಮಠದ ಅಯ್ಯನವರು ವಚನ ಹೇಳುತ್ತ ನಡೆಯುತ್ತಿದ್ದರು.

ಮಹಾಲಿಂಗಯ್ಯನನ್ನು ಗುಣಿಯ ಗೂಡಿನಲ್ಲಿ ಕೂರಿಸಿ, ಎಡಗೈಗೆ ಲಿಂಗ ಕೊಟ್ಟು, ಬಿಲ್ವಪತ್ರೆ ತುಂಬಿದರು. ಜನ ಟವೆಲು ಸೆರಗುಗಳಲ್ಲಿ ಮೂಗು ಮುಚ್ಚಿಕೊಂಡು ನಿಂತಿದ್ದರು. ಸಂಗಮೇಶ್ ಬಗ್ಗಿ ಒದ್ದೆ ಕೆಮ್ಮಣ್ಣನ್ನು ಬೊಗಸೆ ತುಂಬ ಎತ್ತಿ ಹಾಕಿದ.

"ಒಳ್ಳೆ ಮನುಷ್ಯ ಕಣಮ್ಮ. ನಮ್ಮಿಬ್ಬರ ಮಧ್ಯೆ ಏನೋ ಸಣ್ಣ ಮನಸ್ತಾಪ..."

"ಹೂಂ. ಸಣ್ಣದು," ಎಂದಳು ಶಿವರುದ್ರಮ್ಮ. ಗುಣಿ ಮುಚ್ಚುವವರೆಗೂ ಕಾದು ತಿರುಗಿದಳು. "ನಂದಿತಾ, ಈಗ ತುಂಬ್ಸಮ್ಮ."

ನಂದಿತಾ ಪೆಟ್ಟಿಗೆ ತೆರೆದು ಒಂದು ಹಾಳೆ ಚಾಚಿದಳು. "ಸಾರ್, ಇದು ನೋಟಿಸ್. ನೀವು ಮಾಲೀಕರು, ಎದುರಿಗೇ ಇದೀರಿ. ನಿಮ್ಮ ಪೈಪಿಂದ ಸ್ಯಾಂಪಲ್ ತಗೋತಾ ಇದೀನಿ. ಎರಡು ಪಾಲು ಮಾಡಿ ನಿಮ್ಮ ಮುಂದೇನೇ ಸೀಲ್ ಮಾಡ್ತೀನಿ."

"ಏನ್ರೀ ಇದು? ಹೆಣ ಹೂಳೋ ಜಾಗದಲ್ಲಿ?"

"ನಮ್ಮ ಹೊಲ ಇದು," ಎಂದಳು ಶಿವರುದ್ರಮ್ಮ.

ಸೀಸೆಗಳು ಗುಳುಗುಳು ತುಂಬಿದವು. ಮೂಗು ಮುಚ್ಚಿದ್ದ ಊರೆಲ್ಲ ಕಣ್ಣು ಬಿಟ್ಟು ನೋಡುತ್ತಿತ್ತು. ಸಂಗಮೇಶ್ ಗಂಟಲು ಸರಿಮಾಡಿಕೊಂಡ. "ನಮ್ಮದು ಬರೀ ಕಾಯಿನೀರು. ಇದರಲ್ಲಿ ನೀವೇನಾದ್ರೂ ಬೆರೆಸಿದ್ರೆ..."

"ಕಾಯಿನೀರು ತಾನೇ? ಹಂಗಾದ್ರೆ ಕೈ ತೊಳ್ಕೊಳ್ಳಿ. ಮಣ್ಣು ಹಾಕ್ದೋರು ಕೈ ತೊಳೀದೆ ಹೋಗ್ಬಾರ್ದು."

ಅವನು ಸುತ್ತ ಬಿಂದಿಗೆ ಹುಡುಕಿದ. ಮುದ್ದಯ್ಯ ಗುದ್ದಲಿಗೆ ಒರಗಿ ನಿಂತಿದ್ದ. "ನೀರು ತಂದಿಟ್ಟಿಲ್ಲ ಬುದ್ಧಿ. ಹಳ್ಳ ಐತಲ್ಲ, ಬ್ಯಾಡ ಬುಡು ಅಂದ್ರು ಅಕ್ಕ."

ಸಂಗಮೇಶ್ ಹಳ್ಳದ ಅಂಚಿಗೆ ಹೋದ. ಅರ್ಧ ಬಗ್ಗಿದ. ನೊರೆ ಬೆರಳಿಗೆ ತಾಗುವಷ್ಟರಲ್ಲಿ ಎರಡೂ ಕೈಯನ್ನು ಸರಕ್ಕನೆ ಎಳೆದುಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅಷ್ಟೇ. ಯಾರೂ ನಗಲಿಲ್ಲ. ಅಂದು ಪಂಕ್ತಿಯಲ್ಲಿ ನಕ್ಕಿದ್ದವರೂ ಅಲ್ಲಿದ್ದರು, ಅವರೂ ನಗಲಿಲ್ಲ.

"ಸೈನ್ ಹಾಕಿಬಿಡಿ ಸಂಗಮೇಶ್," ಎಂದರು ಅಯ್ಯನವರು, ಅವನ ಮುಖ ನೋಡದೆ.

ಅವನು ಮಣ್ಣುಗೈಯಲ್ಲೇ ಪೆನ್ನು ಹಿಡಿದು ಸೀಸೆಯ ಚೀಟಿಗೆ ಸೈನ್ ಹಾಕಿದ. ಆಮೇಲೆ ಎರಡೂ ಕೈಯನ್ನು ಪಂಚೆಗೆ ತಾಗದಂತೆ ದೂರ ಹಿಡಿದುಕೊಂಡು, ಜನ ಬಿಟ್ಟ ದಾರಿಯಲ್ಲಿ ಕಾರಿನ ಕಡೆ ನಡೆದ. ಕಣ್ತುಂಬ ನೋಡಬೇಕೆನಿಸಿತು ಶಿವರುದ್ರಮ್ಮನಿಗೆ. ಅವನು ಮರೆಯಾಗುವವರೆಗೂ ನೋಡಿದಳು.

*

"ಎರಡು ಗಂಟೆ ಆಗುತ್ತಮ್ಮ. ಮನೆಗೆ ಹೋಗಿ ಸ್ನಾನ ಮಾಡಿ. ನಾನೇ ಫೋನ್ ಮಾಡ್ತೀನಿ," ಎಂದಳು ನಂದಿತಾ.

"ಕೂತಿರ್ತೀನಿ," ಎಂದು ಶಿವರುದ್ರಮ್ಮ ತುಮಕೂರಿನ ಲ್ಯಾಬಿನ ಅದೇ ಎತ್ತರದ ಸ್ಟೂಲು ಎಳೆದುಕೊಂಡಳು.

ಮೆಷೀನಿನಲ್ಲಿ ಎರಡು ಕೊಳವೆ, ಒಂದರಲ್ಲಿ ನಲ್ಲಿ ನೀರು, ಎರಡನೆಯದರಲ್ಲಿ ಪೈಪಿನದು, ಎರಡೂ ಇನ್ನೂ ಕಿತ್ತಳೆ. ಮೇಜಿನ ಮೇಲೆ ಸೀಲು ಒಡೆದ ಸೀಸೆ, ಅದರ ಚೀಟಿಯಲ್ಲಿ ಸೈನಿನ ಪಕ್ಕ ಒಣಗಿದ ಕೆಮ್ಮಣ್ಣಿನ ಹೆಬ್ಬೆಟ್ಟು. ಚನ್ನೇಶ್ ಎದುರಿನ ಅಂಗಡಿಗೆ ಹೋಗಿ ಬಂದ. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅತ್ತಿಗೆ. ಬಜ್ಜಿ ಬಿಟ್ರೆ ಏನೂ ಸಿಗಲಿಲ್ಲ. ಕೈ ತೊಳ್ಕೊಂಡು ಬನ್ನಿ, ಅಗೋ ನಲ್ಲಿ."

ಅವಳು ನಲ್ಲಿಯ ಕಡೆ ತಿರುಗಲಿಲ್ಲ. ಉಗುರಿನ ಸಂದಿಯಲ್ಲಿ, ಬೆರಳಿನ ಗೆರೆಗಳಲ್ಲಿ ಗಂಡನ ಮೇಲೆ ಹಾಕಿದ ಮಣ್ಣು ಹಾಗೇ ಇತ್ತು. ಎರಡನೆಯ ಕೊಳವೆಯ ಕಿತ್ತಳೆ ಬಣ್ಣ ಮೆಲ್ಲಗೆ ಮಂಕಾಗಿ, ಬುಡದಿಂದ ಹಸಿರು ಏರತೊಡಗಿತು. ಶಿವರುದ್ರಮ್ಮ ಅದರ ಮೇಲಿಂದ ಕಣ್ಣು ಕೀಳದೆ, ಪೊಟ್ಟಣ ಬಿಚ್ಚಿ, ಆ ಕೈಯಲ್ಲೇ ಬಿಸಿ ಬಜ್ಜಿ ಮುರಿದು ಬಾಯಿಗಿಟ್ಟುಕೊಂಡಳು.